ಮಾಡು ಮತ್ತು ತಾರಸಿ

ಎಂತ ಶೆಟ್ರೇ, ತಾರಸಿ ಮೇಲೆ ಶೀಟು ಹಾಕಿಸ್ತೀರಂತೆ? ಪೈಪು ಬಂದು ಬಿದ್ದದ್ದು ಕಂಡೆ. ಹಾಕಿಸಿ, ಹಾಕಿಸಿ. ನಮ್ಮ ಮೂಡುಬಿದಿರೆಯಲ್ಲಿ ಶೀಟಿಲ್ಲದ ತಾರಸಿ ಕಂಡರೆ ಅದು ಹೊಸತಾಗಿ ಒಕ್ಕಲಾದ ಮನೆಯೇ ಇರ್ಬೇಕು. ಎರಡು ಮಳೆಗಾಲ ಕಳೀಲಿ, ಅವರೂ ಪೈಪು ತರ್ತಾರೆ.

ನಗ್ಬೇಡಿ ಮಾರಾಯ್ರೇ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗ ಇದು. ಸಾವಿರ ಕಂಬದ ಬಸದಿ ಕಟ್ಟಿದವರಿಗೆ 1430ರಲ್ಲೇ ಅದು ಗೊತ್ತಿತ್ತು. ನೆಂಟರು ಬಂದರೆ ನಾವು ಕಂಬ ತೋರಿಸ್ತೇವೆ, ಒಂದರ ಹಾಗೆ ಇನ್ನೊಂದಿಲ್ಲ ಅಂತೇವೆ. ಕಂಬ ಚಂದವೇ. ಆದ್ರೆ ಕತ್ತೆತ್ತಿ ಮಾಡು ನೋಡುವವರೆಷ್ಟು ಜನ? ಕೆಳಗೆ ಕಲ್ಲು, ಮೇಲೆ ಮರದ ಅಂತಸ್ತು, ಒಂದರ ಮೇಲೊಂದು ಇಳಿಜಾರು ಮಾಡು. ಫರ್ಗುಸನ್ ಅಂತ ಒಬ್ಬ ಬ್ರಿಟಿಷ್ ವಿದ್ವಾಂಸ ಇದನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದಾನೆ. ಆಟಿ ತಿಂಗಳಲ್ಲಿ ಇಲ್ಲಿ ಕೂತವರಿಗೆ ನೇಪಾಳ ನೆನಪಾಗ್ಲಿಕ್ಕಿಲ್ಲ, ಕೊಡೆ ನೆನಪಾದೀತು.

ಮರ ಆದ್ರೆ ಒರಲೆ ಅಂತೀರಾ? ಚೌಟರ ಅರಮನೆಗೆ ಹೋಗಿ ನೋಡಿ. ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ, ಎಲ್ಲ ಮರದ ಕಂಬದಲ್ಲೇ ಉಂಟು. ತಲೆ ಮೇಲೆ ಮಾಡು, ಕೆಳಗೆ ದಿನಾ ಗುಡಿಸುವವರು ಇದ್ದಲ್ಲಿ ಒರಲೆಗೆ ಅಷ್ಟು ಧೈರ್ಯ ಬರುದಿಲ್ಲ. ಬೀಗ ಹಾಕಿದ ಮನೆಗಳೇ ಮೊದಲು ಬೀಳುದು.

ನೀವು ಹಳೇ ಮನೆ ಕೆಡವಿದ್ದು ತಪ್ಪು ಅಂತ ನಾನು ಹೇಳುದಿಲ್ಲ. ಹಂಚು ಕೈಯಾಡಿಸ್ಲಿಕ್ಕೆ ಜನ ಇಲ್ಲ, ಮಂಗಗಳ ಕಾಟ ಬೇರೆ, ಪಕ್ಕಾಸು ಕುಂಬಾದ್ರೆ ಮರ ತರುದೆಲ್ಲಿಂದ? ಮತ್ತೆ ಆ ಹಂಚೇನು ಅನಾದಿ ಕಾಲದ್ದಾ? ಮಂಗಳೂರಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಅದಕ್ಕೆ ಮೊದಲು ನಮ್ಮಂಥವರಿಗೆಲ್ಲ ಮುಳಿಹುಲ್ಲೇ ಗತಿ. ಹುಲ್ಲು ಹೋಗಿ ಹಂಚು ಬಂದಾಗ್ಲೂ ಇಳಿಜಾರನ್ನು ಯಾರೂ ಬಿಡ್ಲಿಲ್ಲ. ಬಿಟ್ಟದ್ದು ನಾವು. ಈಗ ಸಪಾಟು ಮಾಡ್ಲಿಕ್ಕೆ ಒಂದು ದುಡ್ಡು, ಓರೆ ಮಾಡ್ಲಿಕ್ಕೆ ಮತ್ತೊಂದು ದುಡ್ಡು!

ಇರ್ಲಿ, ಸೂರು ಎರಡಡಿ ಮುಂದೆ ಬಿಡಿಸಿ, ಗೋಡೆ ಉಳೀತದೆ. ಆದ್ರೆ ನಮ್ಮ ಬದಿಗೆ ಬೇಡ, ನೀರು ಸೀದಾ ನನ್ನ ತೊಂಡೆ ಚಪ್ಪರಕ್ಕೆ ಬೀಳ್ತದೆ. ಮತ್ತೆ ಕೊಟ್ಟಿಗೆ ಹಿಂದೆ ಹಳೇ ಹಂಚು ಅಟ್ಟಿ ಇಟ್ಟಿದ್ದೀರಲ್ಲ, ಮಾರುದಾದ್ರೆ ಮೊದಲು ನನಗೆ ಹೇಳಿ. ಬಚ್ಚಲಿನ ಮಾಡಿಗೆ ಬೇಕಿತ್ತು.