ಬೇಲಿಯಾಚೆಯ ಕಾಕಾ, ಬೇಲಿಯೀಚೆಯ ವಕೀಲ

"ಏನ್ರೀ ವಕೀಲ್ರ, ನಿನ್ನೆ ಮತ್ತೊಬ್ಬ ಕಳ್ಳನ್ನ ಬಿಡಿಸ್ಕೊಂಡ ಬಂದ್ರಂತಲ್ಲ?"

ಬೇಲಿಯಾಚೆಯಿಂದ ಈ ಮಾತು ಬಂತೆಂದರೆ ಕಾಕಾನ ಚಹಾ ಮುಗಿದಿದೆ, ಎಲೆ ಅಡಿಕೆ ಬಾಯಿಗೆ ಬಿದ್ದಿದೆ, ಇನ್ನು ಅರ್ಧ ತಾಸು ನಾನು ಫೈಲು ಬಿಚ್ಚುವಂತಿಲ್ಲ. ಕಾಕಾ ಫಾರೆಸ್ಟ್ ಗಾರ್ಡ್ ಆಗಿ ನಿವೃತ್ತರಾದವರು. ದಾಂಡೇಲಿ, ಜೋಯಿಡಾ ಕಡೆಯ ಕಾಡು ಸುತ್ತಿ ಮೊಣಕಾಲು ಸವೆಸಿಕೊಂಡವರು. ನಾನು ಹಳಿಯಾಳದಲ್ಲಿ ಮನೆ ಮಾಡಿಕೊಂಡು ಆ ಎರಡು ಊರು, ಇತ್ತ ಮುಂಡಗೋಡು ಎಂದು ಕರಿಕೋಟು ಹೊತ್ತು ತಿರುಗುವ ಕ್ರಿಮಿನಲ್ ವಕೀಲ. ತಾವು ಹಿಡಿದವರನ್ನೆಲ್ಲ ನಾನು ಬಿಡಿಸಿದೆ ಎಂಬುದು ಅವರ ತಕರಾರು. ಹಿಡಿಯುವುದನ್ನು ನೆಟ್ಟಗೆ ಹಿಡಿದಿದ್ದರೆ ನಾನೇನು ಬಿಡಿಸಲಾಗುತ್ತಿತ್ತು ಎಂಬುದು ನನ್ನದು.

"ಬಿಡಿಸ್ಕೊಂಡ ಬಂದಿಲ್ರೀ ಕಾಕಾ, ಬೇಲ್ ಆಗೇತಿ ಅಷ್ಟ. ಕೇಸು ಹಂಗ ಐತಿ."

"ಎರಡೂ ಒಂದ ಅಲ್ಲೇನು?"

ಒಂದೇ ಅಲ್ಲ. ಆದರೆ ಊರಿನ ಲೆಕ್ಕ ಬೇರೆ. ಪೊಲೀಸರು ಹಿಡಿದರೆ ಅದೇ ತೀರ್ಪು. ಜಾಮೀನು ಸಿಕ್ಕರೆ ಎಲ್ಲೋ ದುಡ್ಡು ಓಡಿದೆ. ಖುಲಾಸೆ ಆಯಿತೋ, ಕಳ್ಳನಿಗಿಂತ ವಕೀಲನೇ ದೊಡ್ಡ ಕಳ್ಳ. ಮದುವೆ ಊಟದ ಪಂಕ್ತಿಯಲ್ಲೂ ಯಾರಾದರೂ ಒಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಅಂಥವರ ಪರ ನಿಲ್ಲಾಕ ಮನಸ್ಸರೆ ಹೆಂಗ ಬರ್ತೈತ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಅವನು ಮಾಡಿದ್ದಾನೋ ಇಲ್ಲವೋ ಎಂಬುದು ನಾನು ತೀರ್ಮಾನಿಸುವ ವಿಷಯ ಅಲ್ಲವಲ್ಲ. ಅದಕ್ಕೆಂದೇ ಸರ್ಕಾರ ಒಬ್ಬರಿಗೆ ಸಂಬಳ ಕೊಟ್ಟು ಎತ್ತರದ ಕುರ್ಚಿಯಲ್ಲಿ ಕೂರಿಸಿದೆ. ಆರೋಪಿಯ ತಪ್ಪಿನ ಬಗ್ಗೆ ನಿಮ್ಮ ಸ್ವಂತ ಅಭಿಪ್ರಾಯ ಏನೇ ಇರಲಿ, ಅವನ ಪರ ವಾದಿಸಿ ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ.

ನಮ್ಮ ಬಳಗದಲ್ಲೇ ಇದನ್ನು ಮರೆತವರಿದ್ದಾರೆ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ಮೂವರು ಕಾಶ್ಮೀರಿ ಹುಡುಗರ ಮೇಲೆ ರಾಜದ್ರೋಹದ ಕೇಸು ಬಿತ್ತು. ಹುಬ್ಬಳ್ಳಿ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ಕಾವಲಿನಲ್ಲಿ ಧಾರವಾಡದ ಕೋರ್ಟಿಗೆ ಹೋಗಿ ಜಾಮೀನು ಅರ್ಜಿ ಹಾಕಬೇಕಾಯಿತು. ಇಂಥ ನಿರ್ಣಯ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2010ರಲ್ಲೇ, ತಮಿಳುನಾಡಿನ ಮೊಹಮ್ಮದ್ ರಫಿ ಪ್ರಕರಣದಲ್ಲಿ, ಹೇಳಿಯಾಗಿತ್ತು. ಹೈಕೋರ್ಟು ತರಾಟೆಗೆ ತೆಗೆದುಕೊಂಡ ಮೇಲೆ ಸಂಘ ಸಡಿಲವಾಯಿತು. ಆ ಹುಡುಗರು ಕೊನೆಗೆ ಹೊರಬಂದದ್ದು ಯಾರ ವಾಗ್ವೈಖರಿಯಿಂದಲೂ ಅಲ್ಲ. ತೊಂಬತ್ತು ದಿನದೊಳಗೆ ಪೊಲೀಸರು ಚಾರ್ಜ್‌ಶೀಟು ಹಾಕಲಿಲ್ಲ, ಅದಕ್ಕೆ.

"ಅವರ ತಪ್ಪಿಗೆ ಇವರಿಗೆ ಬಿಡುಗಡೆ?" ಎಂದರು ಕಾಕಾ.

ಹೌದು. ಕಾನೂನು ಗಡುವು ಹಾಕಿರುವುದು ಆರೋಪಿಗಲ್ಲ, ಹಿಡಿದವರಿಗೆ. ಕಾಕಾನಿಗೆ ಇದು ಗಂಟಲಲ್ಲಿ ಇಳಿಯದ ಮಾತು. ಯಾಕೆಂದರೆ ಒಮ್ಮೆ ನಾನು ಅವರನ್ನೇ ಪಾಟೀಸವಾಲು ಮಾಡಿದ್ದೇನೆ.

ಅದು ಸಾಗವಾನಿ ಕೇಸು. ಎಫ್‌ಒಸಿ ಎಂಬ ಅರಣ್ಯ ಅಪರಾಧ ಪ್ರಕರಣದ ನಂಬರು ಬಿದ್ದು, ಪಂಚನಾಮೆ ಆಗಿ, ಮಾಲು ಜಪ್ತಿಯಾಗಿ ಕೋರ್ಟಿಗೆ ಬಂದಿತ್ತು. ಮಳೆಗಾಲದ ರಾತ್ರಿ ಕಾಡಿನೊಳಗೆ, ಸ್ಥಳದಲ್ಲೇ ಪಂಚನಾಮೆ ಬರೆದೆವೆಂದು ಕಾಕಾ ಸಾಕ್ಷಿ ನುಡಿದರು. ಕಾಗದ ತೆಗೆದು ನೋಡಿದರೆ ಒಂದು ಹನಿ ನೀರಿನ ಕಲೆ ಇಲ್ಲ, ಒಂದು ಮಡಿಕೆ ಇಲ್ಲ, ಅಕ್ಷರ ಮುತ್ತು ಪೋಣಿಸಿದಂತಿದೆ.

"ಬೆಳಕು ಎಲ್ಲಿಂದ ಬಂತು?"

"ಜೀಪಿನ ಲೈಟ್ ಹಚ್ಚಿದ್ವಿರಿ."

"ಆ ಜಾಗಕ್ಕ ಜೀಪು ಹೋಗ್ತೈತೇನು?"

"ಇಲ್ರಿ, ಕಾಲದಾರಿ ಐತ್ರಿ."

ಬೆರಳಚ್ಚುಗಾರ ಟೈಪು ಮಾಡುವುದನ್ನು ನಿಲ್ಲಿಸಿ ತಲೆ ಎತ್ತಿದ. ಪಂಚರಿಬ್ಬರೂ ಇಲಾಖೆಯಲ್ಲೇ ದಿನಗೂಲಿ ಮಾಡುವವರೆಂಬುದು ಆಮೇಲೆ ಹೊರಬಿತ್ತು. ಆರೋಪಿ ಖುಲಾಸೆ. "ಅವನು ಕಡಿದಿದ್ದು ಖರೇನ ಇತ್ತು" ಎಂದು ಕಾಕಾ ಇವತ್ತಿಗೂ ಬೇಲಿಗೆ ಕೈಯೂರಿ ಹೇಳುತ್ತಾರೆ. ಇದ್ದೀತು. ಹಾಗಿದ್ದರೆ ಖರೇ ಪಂಚನಾಮೆ ಬರೆಯಬೇಕಿತ್ತು. ಕಳ್ಳನನ್ನು ಹಿಡಿಯಲು ಸುಳ್ಳು ಕಾಗದ ನಡೆಯುತ್ತದೆಂದಾದರೆ ಅದೇ ಕಾಗದ ನಾಳೆ ಕಾಕಾನ ಮೊಮ್ಮಗನ ಮೇಲೂ ನಡೆಯುತ್ತದೆ.

ಕಾಡಿನ ಕೇಸು ಪೊಲೀಸ್ ಕೇಸಿನಂತಲ್ಲ, ಇನ್ನೂ ಬಿಗಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲವೆಂದು ಸಿನಿಮಾ ನೋಡಿದವರಿಗೂ ಗೊತ್ತು. ಆದರೆ ಫಾರೆಸ್ಟಿನವರನ್ನು ಕೋರ್ಟುಗಳು ಸಾಮಾನ್ಯವಾಗಿ ಪೊಲೀಸರೆಂದು ಎಣಿಸುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಂತೂ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ (ಎಸಿಎಫ್) ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಆರೋಪಿಯ ಎದುರಿಗೆ ಬರೆದುಕೊಂಡ ಸಾಕ್ಷ್ಯ ಮುಂದೆ ವಿಚಾರಣೆಗೂ ನಿಲ್ಲುತ್ತದೆ. ರೇಂಜ್ ಆಫೀಸಿನ ಬೆಂಚಿನ ಮೇಲೆ ಕೂತು, ಚಹಾ ಕುಡಿದು, ಹೇಳಿದಲ್ಲಿ ಹೆಬ್ಬೆಟ್ಟು ಒತ್ತಿ ಬಂದವನಿಗೆ ಇದು ಗೊತ್ತಿರುವುದಿಲ್ಲ. ಇನ್ನು ಸಾಗಿಸಿದ ಗಾಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅದನ್ನು ಇಲಾಖೆಯ ಅಧಿಕಾರಿಯೇ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಕೇಸು ಗೆದ್ದವನ ಟ್ರ್ಯಾಕ್ಟರು ಡಿಪೋದ ಅಂಗಳದಲ್ಲಿ ತುಕ್ಕು ಹಿಡಿದು, ಒಳಗೆ ಹುಲ್ಲು ಬೆಳೆದಿರುವುದನ್ನು ಬೇಕಾದರೆ ತೋರಿಸುತ್ತೇನೆ. ನಮ್ಮ ಕಡೆ ಶಿಕ್ಷೆ ಎಂಬುದು ತೀರ್ಪಿನ ದಿನ ಶುರುವಾಗುವುದಿಲ್ಲ, ಬಹಳ ಸಲ ಅಷ್ಟು ಹೊತ್ತಿಗೆ ಮುಗಿದೇ ಹೋಗಿರುತ್ತದೆ.

ಭಾಷೆಯದೂ ಒಂದು ಪಾಡು. ನಮ್ಮ ಕೋರ್ಟಿನ ಭಾಷೆ ಕನ್ನಡ. ಕಟಕಟೆಗೆ ಬರುವವರು ಮರಾಠಿ ಬೆರೆತ ಮಾತಿನ ಗೌಳಿಗಳು, ಕೊಂಕಣಿ ಆಡುವ ಕುಣಬಿಗಳು, ಸಿದ್ದಿಗಳು, ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರು. ಆರೋಪ ಓದುತ್ತಾರೆ. ಗೌಳಿ ಅಜ್ಜ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದಾನೆ. "ಅರ್ಥ ಆಯ್ತಾ?" ತಲೆಯಾಡಿಸಿದ. "ತಪ್ಪು ಒಪ್ಕೋತೀಯಾ?" ಅದಕ್ಕೂ ಅದೇ ತಲೆ. ಸಾಹೇಬರಿಗೆ ಎದುರಾಡಬಾರದು ಎಂದು ಮನೆಯಲ್ಲಿ ಹೇಳಿ ಕಳಿಸಿರುತ್ತಾರೆ. ಸಣ್ಣ ಕೇಸುಗಳಲ್ಲಿ, ಇಸ್ಪೀಟು, ಓಸಿ ಇಂಥವುಗಳಲ್ಲಿ, ದಂಡ ಕಟ್ಟಿ ಕೈತೊಳೆದುಕೊಂಡೆವೆಂದು ಖುಷಿಯಿಂದ ಹೋಗುವ ಹುಡುಗರನ್ನೂ ಕಂಡಿದ್ದೇನೆ. ನೌಕರಿಗೆ ಪೊಲೀಸ್ ವೆರಿಫಿಕೇಶನ್ ಬಂದಾಗ ಓಡಿ ಬರುತ್ತಾರೆ. ಒಪ್ಪಿಕೊಂಡು ದಂಡ ಕಟ್ಟುವುದೆಂದರೆ ಶಿಕ್ಷೆಯಾಯಿತೆಂದೇ ಲೆಕ್ಕ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಅದೂ ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಹೇಳಿದೆ. ಗೌಳಿಗಳ ಮಾತಿನಲ್ಲಿ ಅದನ್ನು ಯಾರು ಬರೆಯುತ್ತಾರೋ ನೋಡಬೇಕು.

"ಮತ್ತ ಹುಡುಗೀರನ್ನ ಓಡಿಸ್ಕೊಂಡ ಹೋಗ್ತಾರಲ್ಲ, ಅವರ ಕೇಸೂ ತಗೋತೀರಲ್ಲ?"

ತಗೊಳ್ಳುತ್ತೇನೆ, ಆದರೆ ಎಲ್ಲವನ್ನೂ ಒಂದೇ ಮನಸ್ಸಿನಿಂದ ಅಲ್ಲ. ಪೋಕ್ಸೊ ಕೇಸಿನ ಫೈಲಿನಲ್ಲಿ ನಿಜವಾದ ರಾಕ್ಷಸರೂ ಇರುತ್ತಾರೆ, ಹದಿನೇಳರ ಹುಡುಗಿಯನ್ನು ಎರಡೂ ಮನೆಯವರೇ ನಿಂತು ಮದುವೆ ಮಾಡಿಕೊಟ್ಟ ಹತ್ತೊಂಬತ್ತರ ಹುಡುಗನೂ ಇರುತ್ತಾನೆ. ಬಸುರಿ ತಪಾಸಣೆಗೆಂದು ಆಸ್ಪತ್ರೆಗೆ ಹೋದಾಗ ವಯಸ್ಸು ಬರೆಸುತ್ತಾರೆ, ಆಸ್ಪತ್ರೆಯವರು ಕಾನೂನಿನಂತೆ ಪೊಲೀಸರಿಗೆ ತಿಳಿಸುತ್ತಾರೆ, ಗಂಡ ಜೈಲಿಗೆ. ಧಾರವಾಡ ಹೈಕೋರ್ಟು ಪೀಠವೇ 2022ರ ನವೆಂಬರಿನಲ್ಲಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೊಮ್ಮೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ ಮರುವರ್ಷ ವಯಸ್ಸು ಇಳಿಸುವುದು ಬೇಡವೆಂದಿತು. ನನಗೂ ಇಳಿಸುವುದು ಅಷ್ಟು ಸಲೀಸೆಂದು ಅನಿಸುವುದಿಲ್ಲ. ಹಾಗಂತ ಆ ಹುಡುಗನನ್ನೂ ರಾಕ್ಷಸನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಅಂದಹಾಗೆ ಧಾರವಾಡ ಎಂದೆನಲ್ಲ, ನಮ್ಮ ಹಳಿಯಾಳದ ತಮಾಷೆ ನೋಡಿ. 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆದ ಮೇಲೆ ಹೈಕೋರ್ಟು ನಮಗೆ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಜಿಲ್ಲಾ ಕೋರ್ಟು ಮಾತ್ರ ಕಾರವಾರದಲ್ಲಿ, ಘಟ್ಟದ ಕೆಳಗೆ. ದೊಡ್ಡ ಕೋರ್ಟು ಹತ್ತಿರ, ಅದಕ್ಕಿಂತ ಸಣ್ಣದು ದೂರ. ಅಣಶಿ ಘಟ್ಟದಲ್ಲಿ ಮಳೆಗೆ ಗುಡ್ಡ ಜರಿದರೆ ಜೋಯಿಡಾದ ಸಾಕ್ಷಿ ಊರು ಸುತ್ತಿ ಹೋಗಿ ಮುಟ್ಟುವಷ್ಟರಲ್ಲಿ ತಾರೀಖು ಮುಂದೆ ಹೋಗಿರುತ್ತದೆ. ತಾರೀಖು ಮುಂದೆ ಹಾಕಿಸುವುದರಲ್ಲಿ ನಮ್ಮ ಕರಿಕೋಟಿನವರೂ ಹಿಂದೆ ಬಿದ್ದಿಲ್ಲ. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲಂತೂ ಕಲಮು ನೆನಪಿಲ್ಲವೆಂಬುದೂ ಒಂದು ನೆಪ. ಕೊಲೆಯ 302 ಹೋಗಿ 103 ಆಯಿತು, ಮೋಸದ 420 ಹೋಗಿ 318 ಆಯಿತು. ಸಂತೆಯಲ್ಲಿ ಮಾತ್ರ ಇನ್ನೂ ಯಾರೂ ಯಾರನ್ನೂ "ಮುನ್ನೂರಾ ಹದಿನೆಂಟು" ಎಂದು ಬೈದದ್ದು ಕೇಳಿಲ್ಲ.

ಇಷ್ಟೆಲ್ಲ ದಾಟಿ ಜಾಮೀನು ಆಯಿತೆನ್ನಿ. ಆಗ ಏಳುವುದು ನಿಜವಾದ ಪ್ರಶ್ನೆ: ಜಾಮೀನುದಾರನ ಪಹಣಿ ಎಲ್ಲಿ?

ಕಾಡಿನೊಳಗಿನ ಊರಲ್ಲಿ ಪಹಣಿ ಎಲ್ಲಿಂದ ತರುವುದು? ತಲೆತಲಾಂತರದಿಂದ ಉಳುತ್ತಿದ್ದರೂ ಜಮೀನು ಅರಣ್ಯದ ಹೆಸರಿನಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರೆ ಸಾಕು ಎನ್ನುತ್ತದೆ, ಉಳಿದವರಿಗೆ ಮೂರು ತಲೆಮಾರು, ಎಪ್ಪತ್ತೈದು ವರ್ಷದ ಪುರಾವೆ ಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವಾದರು. ಅದೇ ವರ್ಷ ಗೋವಾದ ಕುಣಬಿಗಳೂ ಆದರು. ಗಡಿಯ ಈಚೆ ಜೋಯಿಡಾದ ಕುಣಬಿಗಳ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ. ಗೆಡ್ಡೆ ಗೆಣಸಿನ ಮೇಳಕ್ಕೆ ಬಂದು ಅವರ ಜೊತೆ ಫೋಟೊ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ, ಅವರ ಜಾಮೀನಿಗೆ ನಿಲ್ಲುವವರು ಒಬ್ಬರೂ ಸಿಗುವುದಿಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಗೆ ಹತ್ತು ಸಾವಿರದ ಜಾಮೀನು ಕೇಳಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದ್ದಕ್ಕೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಛೀಮಾರಿ ಹಾಕಿದ್ದರು. ಜಾಮೀನು ಆದೇಶವಾಗಿ ತಿಂಗಳಾದರೂ ಭದ್ರತೆ ಕೊಡಲಾಗದೆ ಒಳಗೇ ಇದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿಯೇ ಪರಿಗಣಿಸಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸೂಚನೆ ಕೊಟ್ಟಿದೆ. ಸೂಚನೆ ಇದೆ. ನಾನು ಅರ್ಜಿ ಬರೆದು ನೆನಪಿಸಿದಾಗಲೆಲ್ಲ ಉಪಯೋಗಕ್ಕೂ ಬರುತ್ತದೆ. ನೆನಪಿಸುವವರಿಲ್ಲದವನು ಒಳಗೇ ಇರುತ್ತಾನೆ. ಜೈಲಿನಲ್ಲಿರುವ ಯಾರಿಗೇ ಆಗಲಿ ಜಾತಿ, ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಪುಕ್ಕಟೆ ವಕೀಲ ಪುಕ್ಕಟೆಯಾಗಿಯೇ ವಾದಿಸುತ್ತಾನೆಂದು ಜನ ಅವರ ಹತ್ತಿರ ಹೋಗುವುದಿಲ್ಲ, ಎಮ್ಮೆ ಮಾರಿ ನನ್ನ ಹತ್ತಿರ ಬರುತ್ತಾರೆ. ನನ್ನ ಫೀಸಿಗೆ ಅರ್ಧ ಎಮ್ಮೆ, ನಗದು ಠೇವಣಿಗೆ ಇನ್ನರ್ಧ.

ನಿನ್ನೆ ಬೇಲ್ ಆದ ಹುಡುಗನೂ ಇನ್ನೂ ಒಳಗೇ ಇದ್ದಾನೆ. ಪಹಣಿಯವರು ಸಿಕ್ಕಿಲ್ಲ. ಇದನ್ನೆಲ್ಲ ಹೇಳಿ, ಬೇಲಿಯಾಚೆ ನೋಡಿದೆ. ಕಾಕಾನ ಹೆಸರಿನಲ್ಲಿ ಎರಡು ಎಕರೆ ಭತ್ತದ ಗದ್ದೆ ಇದೆ.

"ನನ್ನ ಪಹಣಿ ಮಾತ್ರ ಕೇಳಬ್ಯಾಡ್ರಿ ಮತ್ತ" ಎಂದರು, ನಾನು ಬಾಯಿ ತೆರೆಯುವ ಮುಂಚೆಯೇ. "ಅಷ್ಟ ಕಳಕಳಿ ಇದ್ರ ನಿಮ್ದ ಇಡ್ರಲ್ಲ."

"ವಕೀಲ ತನ್ನ ಪಕ್ಷಗಾರಗ ಜಾಮೀನು ನಿಲ್ಲಬಾರದಂತ ಬಾರ್ ಕೌನ್ಸಿಲ್ ರೂಲ್ ಐತ್ರಿ ಕಾಕಾ."

"ಚಲೋ ರೂಲ್ ಬಿಡ್ರಿ. ನಮ್ಮನ್ಯಾಗೂ ಅಂಥಾದ್ದ ಒಂದ ಐತಿ, ನಿಮ್ಮ ಕಾಕೂಂದು" ಎಂದು ಎಲೆ ಅಡಿಕೆ ಉಗುಳಲು ಎದ್ದರು.