ಪುಟಾಣಿ ರೈಲಿನ ಬಿಡಿಭಾಗಗಳ ಪಟ್ಟಿ: ಒಂದು ಗ್ರಂಥಸಂಪಾದನಾತ್ಮಕ ಹಾಗೂ ಎಸ್.ಪಿ. ರಸ್ತೆಯಾತ್ಮಕ ಅಧ್ಯಯನ

ಪ್ರಸ್ತುತ ಪ್ರಬಂಧದ ವಿಷಯ ಬಲು ಸಣ್ಣದು. ವಿಷಯ ಸಣ್ಣದಾದಷ್ಟೂ ಪೀಠಿಕೆ ದೊಡ್ಡದಿರಬೇಕೆಂಬುದು ನಮ್ಮ ವಿಚಾರ ಸಂಕಿರಣಗಳ ಅಲಿಖಿತ ನಿಯಮವಾದ್ದರಿಂದ ಓದುಗರು ತುಸು ತಾಳಿಕೊಳ್ಳಬೇಕು. 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ 1:87 ಪ್ರಮಾಣದ ಎಚ್‌ಒ ರೈಲು ಓಡಿಸುವ ಹವ್ಯಾಸಿಯು ತನ್ನ ಎಂಜಿನ್ನಿಗೋ ಸಿಗ್ನಲ್ಲಿಗೋ ಕೈಯಾರೆ ಸರ್ಕ್ಯೂಟ್ ಬೋರ್ಡ್ ಕಟ್ಟಲು ಹೊರಟು, ಬಿಡಿಭಾಗಗಳ ಪಟ್ಟಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಮುಂದೆ ನಿಂತಾಗ ಉದ್ಭವಿಸುವ ಪಠ್ಯ-ಪದಾರ್ಥ-ಪರ್ಯಾಯ ಸಂಘರ್ಷದ ಬಹುಆಯಾಮಿ ಸಂಕಥನವನ್ನು ಗ್ರಂಥಸಂಪಾದನಾಶಾಸ್ತ್ರದ ಪರಿಪ್ರೇಕ್ಷ್ಯದಲ್ಲಿ ಮರುಓದಿಗೆ ಒಳಪಡಿಸುವುದು ಇಲ್ಲಿನ ಉದ್ದೇಶ. ಸರಳವಾಗಿ ಹೇಳುವುದಾದರೆ, ಪಟ್ಟಿಯಲ್ಲಿರುವುದು ಅಂಗಡಿಯಲ್ಲಿಲ್ಲ. ಆದರೆ ಸರಳವಾಗಿ ಹೇಳಿದ್ದು ಪ್ರಬಂಧವೆನಿಸುವುದಿಲ್ಲ.

ಪೂರ್ವಸೂರಿಗಳು ಬಿಡಿಭಾಗಗಳನ್ನು ರೆಸಿಸ್ಟರ್, ಕೆಪಾಸಿಟರ್, ಡಯೋಡ್ ಎಂದು ಗುಣಾನುಸಾರ ವಿಂಗಡಿಸಿದ್ದಾರೆ. ಇದು ಸ್ಥೂಲದೃಷ್ಟಿ. ಲಭ್ಯತಾಮೀಮಾಂಸೆಯ ಪ್ರಕಾರ ಅವು ಏಳು ಬಗೆ. ಮೊದಲನೆಯದು ಸುಲಭೋಪಲಬ್ಧ: 1ಎನ್ 4007 ಡಯೋಡ್, 7805 ರೆಗ್ಯುಲೇಟರ್, 1972ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಬೇಸರಿಸದೆ ಬಿಕರಿಯಾಗುತ್ತಿರುವ 555 ಟೈಮರ್. ಎರಡನೆಯದು ಸಗಟೋಪಲಬ್ಧ: ಬೇಕಾದದ್ದು ಆರು, ಕೊಡುವುದು ಇಡೀ ರೀಲು. 0603 ಗಾತ್ರದ ರೆಸಿಸ್ಟರಿನ ರೀಲಿನಲ್ಲಿ ಸಾಮಾನ್ಯವಾಗಿ 5000 ಇರುತ್ತವೆ. ಅಷ್ಟನ್ನೂ ಬೆಸುಗೆ ಹಾಕಲು ಹೊರಟರೆ ರೈಲು ಓಡಿಸಲು ಆಯುಷ್ಯ ಉಳಿಯುವುದಿಲ್ಲ. ಮೂರನೆಯದು ವಾಗುಪಲಬ್ಧ: “ಇದೆ ಸಾರ್, ಗೋಡೌನ್‌ನಲ್ಲಿದೆ, ನಾಳೆ ಬನ್ನಿ.” ನಾಲ್ಕನೆಯದು ಚಿತ್ರೋಪಲಬ್ಧ: ಆನ್‌ಲೈನ್ ಮಳಿಗೆಯಲ್ಲಿ ಫೋಟೋ ಇದೆ, ಅದರಡಿಯಲ್ಲಿ ಸಣ್ಣಕ್ಷರದಲ್ಲಿ ‘ಚಿತ್ರ ಸಾಂಕೇತಿಕ’ ಎಂದೂ ಇದೆ. ಉಳಿದ ಮೂರಕ್ಕೆ ಸಂಸ್ಕೃತ ಸಂಧಿ ಹೊಂದಿಸುವ ಶ್ರಮಕ್ಕೆ ತಕ್ಕ ಫಲ ಕಾಣದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ. ಡಾಕ್ಟರೇಟ್ ಬೇಕಾದವರು ಮುಂದುವರಿಸಬಹುದು.

ಇನ್ನು ಪಾಠಾಂತರ. ಓಲೆಗರಿಯಲ್ಲಿ ಲಿಪಿಕಾರ ಒಂದಕ್ಷರ ತಪ್ಪಿದರೆ ಪ್ರಾಸ ಕೆಡುತ್ತದೆ. ಇಲ್ಲಿ ಒಂದಂಕಿ ತಪ್ಪಿದರೆ ರೈಲೇ ನಿಲ್ಲುತ್ತದೆ. ಪಟ್ಟಿಯ ಮೂಲಪಾಠ ‘ಪಿಎನ್ 2222’ ಎಂಬ ಟ್ರಾನ್ಸಿಸ್ಟರ್; ಅಂಗಡಿಯಲ್ಲಿ ಸಿಗುವ ಪಾಠಾಂತರ ‘ಪಿ2ಎನ್ 2222’. ನಡುವೆ ಒಂದು 2 ಹೆಚ್ಚು, ಅಷ್ಟೆ. ಚಪ್ಪಟೆ ಮುಖವನ್ನು ನಮ್ಮತ್ತ ಇಟ್ಟುಕೊಂಡು ನೋಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಎರಡನೆಯದರವು ಕಲೆಕ್ಟರ್, ಬೇಸ್, ಎಮಿಟರ್. ಅಮೆರಿಕ ಮೂಲದ 2ಎನ್ 3904ಕ್ಕೂ ಯುರೋಪ್ ಮೂಲದ ಬಿಸಿ 547ಕ್ಕೂ ಇರುವ ಜಗಳ ಇದೇ. “ಎರಡೂ ಒಂದೇ ಸಾರ್, ಹಾಕ್ಕೊಳ್ಳಿ” ಎಂಬ ಅಂಗಡಿಯವರ ಅದ್ವೈತವನ್ನು ಪಂಡಿತರು ಗೇಲಿ ಮಾಡುವುದುಂಟು. ಆದರೆ ಸಿಗ್ನಲ್ ದೀಪ ಹತ್ತಿಸುವ ಮಟ್ಟಿಗೆ ಆ ಮಾತು ನಿಜ. ಸುಳ್ಳಾಗುವುದು ಕಾಲಿನ ಕ್ರಮದಲ್ಲಿ ಮಾತ್ರ. ತಿರುಗಿಸಿ ಹಾಕಿದರೆ ಮುಗಿಯಿತು. ತಿರುಗಿಸಬೇಕೆಂದು ಪಟ್ಟಿ ಹೇಳಲಿಲ್ಲ, ಅಷ್ಟೆ. ಪ್ರಬಂಧದ ವಾದ ಶುರುವಾಗುವುದೂ ಇಲ್ಲಿಂದಲೇ: ಕೊರತೆ ಇರುವುದು ಅಂಗಡಿಯ ಡಬ್ಬಿಗಳಲ್ಲಲ್ಲ, ಪಟ್ಟಿಯಲ್ಲಿ. ಯಾವುದು ಬೇಕು ಎಂದು ಬರೆದವನು ಯಾಕೆ ಬೇಕು ಎಂದು ಬರೆದಿಲ್ಲ.

ಇದಕ್ಕೆ ಪ್ರಬಲ ಸಾಕ್ಷ್ಯ ಆಪ್ಟೋಕಪ್ಲರ್, ಅಂದರೆ ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ. ಹಳಿಯಲ್ಲೇ ವಿದ್ಯುತ್ತನ್ನೂ ಆಜ್ಞೆಯನ್ನೂ ಒಟ್ಟಿಗೆ ಕಳಿಸುವ ಡಿಸಿಸಿ ಪದ್ಧತಿಯನ್ನು ರೂಪಿಸಿದ್ದು ಜರ್ಮನಿಯ ಲೆನ್ಸ್ ಕಂಪನಿ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಅದನ್ನು ಮಾನದಂಡವಾಗಿ ಅಂಗೀಕರಿಸಿತು. ಅದರಲ್ಲಿ ‘1’ ಎಂಬ ಸಂಕೇತದ ಅರ್ಧಭಾಗ 58 ಮೈಕ್ರೋಸೆಕೆಂಡ್. ಎಂಜಿನ್ನಿನೊಳಗಿನ ಡಿಕೋಡರ್ 52ರಿಂದ 64ರವರೆಗಿನದ್ದನ್ನು ‘1’ ಎಂದು ಒಪ್ಪಬೇಕು, 90 ದಾಟಿದ್ದನ್ನು ‘0’ ಎಂದು. ಆರು ಮೈಕ್ರೋಸೆಕೆಂಡ್ ಅತ್ತಿತ್ತ, ಕ್ಷಮೆ ಇರುವುದು ಇಷ್ಟೇ. ಪಟ್ಟಿಯಲ್ಲಿ ‘ಆಪ್ಟೋಕಪ್ಲರ್ 6ಎನ್ 137’ ಎಂದಿರುತ್ತದೆ. ಅದು ಸಿಗದಾಗ ಅಂಗಡಿಯವರು 4ಎನ್ 35 ಕೊಡುತ್ತಾರೆ. ಅದೂ ಆಪ್ಟೋಕಪ್ಲರೇ, ಸುಳ್ಳಲ್ಲ. ಆದರೆ ಹವ್ಯಾಸಿ ಸರ್ಕ್ಯೂಟಿನಲ್ಲಿ ಅದರ ಟ್ರಾನ್ಸಿಸ್ಟರ್ ಆರುವುದಕ್ಕೆ ಹತ್ತಾರು ಮೈಕ್ರೋಸೆಕೆಂಡ್ ಹಿಡಿಯಬಹುದು. 58 ಎಂಬುದು ಎಳೆದು ಎಳೆದು ‘1’ ಕೂಡ ಅಲ್ಲದ, ‘0’ ಕೂಡ ಅಲ್ಲದ ತ್ರಿಶಂಕುವಾಗುತ್ತದೆ. ರೈಲು ಕದಲುವುದಿಲ್ಲ. ಹವ್ಯಾಸಿ ಬೆಸುಗೆಯನ್ನು ಬೈಯುತ್ತಾನೆ, ಪ್ರೋಗ್ರಾಮನ್ನು ಬೈಯುತ್ತಾನೆ, ಕೊನೆಗೆ ತನ್ನ ಬುದ್ಧಿಯನ್ನೇ ಬೈದುಕೊಂಡು ಬೋರ್ಡನ್ನು ಅಟ್ಟಕ್ಕೆ ಎಸೆಯುತ್ತಾನೆ. ‘ವೇಗ ಬೇಕು’ ಎಂಬ ಎರಡು ಪದ ಬರೆಯಲು ವಿನ್ಯಾಸಕಾರನಿಗೆ ಏನು ಕಷ್ಟವಿತ್ತು?

ಅದೇ ಮಹಾಶಯರು ಸ್ಟೇಷನ್ನಿನ ದೀಪಕ್ಕೆ ಮಾತ್ರ ‘475 ಓಮ್, ಶೇಕಡಾ 1’ ಎಂದು ಆಜ್ಞಾಪಿಸುತ್ತಾರೆ. ರೆಸಿಸ್ಟರುಗಳ ಸಾಮಾನ್ಯ ಸರಣಿಯಲ್ಲಿ 39, 47, 56 ಎಂದು ಪ್ರತಿ ಸಂಖ್ಯೆಯೂ ಹಿಂದಿನದರ ಸುಮಾರು 1.2 ಪಟ್ಟು. ಪ್ರತಿಯೊಂದರಲ್ಲೂ ಶೇಕಡಾ 10ರಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಂಡೇ ಆ ಸರಣಿ ಮಾಡಿದ್ದು. 12 ವೋಲ್ಟಿನಲ್ಲಿ 3 ವೋಲ್ಟ್ ಎಲ್‌ಇಡಿಗೆ ಹೋದರೆ 470 ಓಮ್‌ನಲ್ಲಿ ಸುಮಾರು 19 ಮಿಲಿಆಂಪ್ ಹರಿಯುತ್ತದೆ, 1000 ಓಮ್‌ನಲ್ಲಿ 9. ಹಳ್ಳಿಯ ಸ್ಟೇಷನ್ನಿನ ದೀಪ ಮಂಕಾಗಿದ್ದರೇ ಸಹಜ. ಅಂದರೆ ನಿಖರತೆ ಅನಗತ್ಯವಾದಲ್ಲಿ ಅತಿನಿಖರತೆ, ಪ್ರಾಣಕ್ಕೆ ಬಂದಲ್ಲಿ ಮೌನ. ಇದನ್ನು ‘ವಿಪರೀತನಿಖರತಾ ನ್ಯಾಯ’ ಎನ್ನಬಹುದು. ಇದು ನಮ್ಮ ಅನೇಕ ಪಿಎಚ್‌ಡಿ ಪ್ರಬಂಧಗಳಿಗೂ ಅನ್ವಯಿಸುತ್ತದೆ ಎಂಬುದು ವಿಷಯಾಂತರ.

ಪೂರ್ವಪಕ್ಷದವರು ಮೂರು ಆಕ್ಷೇಪ ಎತ್ತುತ್ತಾರೆ. ಸಿದ್ಧ ಡಿಕೋಡರ್ ಕೊಳ್ಳಬಾರದೇ? ಕೊಳ್ಳಬಹುದು, ಹಾಗೆಯೇ ರೈಲು ನೋಡಬೇಕಾದವನು ಯಶವಂತಪುರಕ್ಕೂ ಹೋಗಬಹುದು. ಆನ್‌ಲೈನಿನಲ್ಲಿ ಎಲ್ಲವೂ ಸಿಗುವುದಿಲ್ಲವೇ? ಬಹಳಷ್ಟು ಸಿಗುತ್ತದೆ, ಒಪ್ಪಿದೆ. ಆದರೆ ಅಲ್ಲಿ ಪ್ರಕ್ಷಿಪ್ತಗಳ ಕಾಟ: ಹಳೆಯ ಚಿಪ್ಪಿನ ಮೈ ಉಜ್ಜಿ ಹೊಸ ಹೆಸರು ಕೆತ್ತಿದ ಮಾಲು ಮೂಲವೆಂದೇ ಬರುತ್ತದೆ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಡ್ರೈವರ್ ಒಂದು ವಿಂಡೋಸ್ ಅಪ್‌ಡೇಟಿನ ಜೊತೆ ಬಂದು ನಕಲಿ ಯುಎಸ್‌ಬಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ನಕಲಿ ಮಾಡಿದವನಿಗೆ ಏನೂ ಆಗಲಿಲ್ಲ, ಮಾರಿದವನಿಗೂ ಆಗಲಿಲ್ಲ. ಅಸಲಿಯೆಂದು ನಂಬಿ ದುಡ್ಡು ಕೊಟ್ಟವನ ಬೋರ್ಡು ಸತ್ತಿತು. ಇದಕ್ಕೆ ಶಾಸ್ತ್ರೀಯ ಪರಿಭಾಷೆ ಬೇಕಿಲ್ಲ. ಅನ್ಯಾಯ ಎಂದರೆ ಸಾಕು. ಮೂರನೆಯ ಆಕ್ಷೇಪ ಗಟ್ಟಿಯಾದದ್ದು: ಡೇಟಾಶೀಟ್ ಓದಿ ಪರ್ಯಾಯ ಹುಡುಕುವುದು ಹವ್ಯಾಸಿಯದೇ ಹೊಣೆಯಲ್ಲವೇ? ಓದಲೇಬೇಕು. ಆದರೆ ಡೇಟಾಶೀಟ್ ಹೇಳುವುದು ಆ ಭಾಗ ಏನೇನು ಮಾಡಬಲ್ಲದೆಂದು. ಅದರ ಹತ್ತಾರು ಗುಣಗಳಲ್ಲಿ ಈ ಸರ್ಕ್ಯೂಟಿಗೆ ಬೇಕಾದ ಒಂದು ಗುಣ ಯಾವುದೆಂಬುದು ವಿನ್ಯಾಸಕಾರನ ತಲೆಯಲ್ಲಷ್ಟೇ ಇದೆ.

ಸಿಕ್ಕಿದ್ದರಲ್ಲಿ ಕಟ್ಟುವುದು ಈ ಹವ್ಯಾಸಕ್ಕೆ ಅವಮಾನವೇನಲ್ಲ. 1946ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಮಾದರಿ ರೈಲು ಕ್ಲಬ್ಬಿನ ಹುಡುಗರು ದೂರವಾಣಿ ವ್ಯವಸ್ಥೆಯಿಂದ ದಾನವಾಗಿ ಬಂದ ರಿಲೇಗಳಿಂದಲೇ ತಮ್ಮ ಹಳಿಗಳನ್ನು ಆಳಿದರು. ರಿಲೇ ಏನು ಮಾಡುತ್ತದೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ಯಾವ ರಿಲೇ ಆದರೂ ನಡೆಯಿತು. ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ. 1954ರಲ್ಲಿ ಹುಟ್ಟಿದ ಬಿಇಎಲ್ ಒಂದು ಕಾಲಕ್ಕೆ ಜಾಲಹಳ್ಳಿಯಲ್ಲಿ ಟ್ರಾನ್ಸಿಸ್ಟರುಗಳನ್ನೇ ತಯಾರಿಸುತ್ತಿತ್ತು. ಎಸ್‌ಎಲ್ 100, ಎಸ್‌ಕೆ 100 ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರುಗಳನ್ನು ಕಾಲೇಜಿನ ಲ್ಯಾಬಿನಲ್ಲಿ ಮುಟ್ಟದ ಎಂಜಿನಿಯರು ಆಗ ಅಪರೂಪ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಊರು ಜಗತ್ತಿಗೆ ಚಿಪ್ ವಿನ್ಯಾಸ ಮಾಡಿಕೊಡುವ ಊರಾಯಿತು. ವಿನ್ಯಾಸ ಇಲ್ಲಿ, ತಯಾರಿ ಇನ್ನೆಲ್ಲೋ, ಹವ್ಯಾಸಿಗೆ ‘ಸ್ಟಾಕ್ ಇಲ್ಲ’. 2021ರ ಜಾಗತಿಕ ಚಿಪ್ ಬರದಲ್ಲಿ ಕಾರಿನ ಕಾರ್ಖಾನೆಗಳೇ ಕೈಕಟ್ಟಿ ಕೂತಾಗ, ಎರಡು ಮೈಕ್ರೋಕಂಟ್ರೋಲರ್ ಕೇಳಿದವನನ್ನು ಯಾರು ಲೆಕ್ಕಕ್ಕಿಟ್ಟುಕೊಂಡಾರು? ಇಂಥ ಊರಿನಲ್ಲಿ ಮಕ್ಕಳು ಬೆಸುಗೆ ಕಡ್ಡಿ ಹಿಡಿಯುವುದನ್ನು ಬಿಟ್ಟರೆ ಅದು ಮಕ್ಕಳ ಸೋಮಾರಿತನವಲ್ಲ. ಮೊದಲ ಬೋರ್ಡೇ ಕಾರಣ ತಿಳಿಯದೆ ಸತ್ತರೆ ಎರಡನೆಯದನ್ನು ಕಟ್ಟುವವರು ಕಡಿಮೆ.

ಆದ್ದರಿಂದ ಸರ್ಕ್ಯೂಟ್ ಪ್ರಕಟಿಸುವ ವಿದ್ವಾಂಸರಲ್ಲಿ ಪರಿಭಾಷೆ ಬದಿಗಿಟ್ಟು ಒಂದು ಕೋರಿಕೆ. ಪಟ್ಟಿಯಲ್ಲಿ ಇನ್ನೊಂದು ಕಲಂ ಎಳೆಯಿರಿ. 6ಎನ್ 137ರ ಎದುರು ‘ವೇಗಕ್ಕಾಗಿ, 4ಎನ್ 35 ಆಗದು’ ಎಂದು ಬರೆಯಿರಿ. ಟ್ರಾನ್ಸಿಸ್ಟರಿನ ಎದುರು ‘ಯಾವುದೇ ಸಣ್ಣ ಎನ್‌ಪಿಎನ್, ಕಾಲು ನೋಡಿ ಹಾಕಿ’ ಎಂದು ಬರೆಯಿರಿ. ಸ್ಟೇಷನ್ನಿನ ದೀಪದ ಎದುರು ‘470ರಿಂದ 1000, ಏನಾದರೂ ಹಾಕಿ’ ಎಂದು ಬರೆಯಿರಿ. ಉಳಿದದ್ದನ್ನು ಎಸ್.ಪಿ. ರಸ್ತೆಯವರು ನೋಡಿಕೊಳ್ಳುತ್ತಾರೆ.