ದಿ ಬಾಯ್ಸ್ ತಾತ್ಪರ್ಯ ನಿರ್ಣಯ

ಯಾವ ಶಾಸ್ತ್ರವನ್ನು ಹೇಳುವುದಕ್ಕೂ ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಗೊತ್ತುಮಾಡುವುದು ಹಿರಿಯರ ಕ್ರಮ. ‘ದಿ ಬಾಯ್ಸ್’ ಎಂಬ ಅಮೆರಿಕದ ಧಾರಾವಾಹಿಗೆ ಅಧಿಕಾರಿಯಾಗಲು ಹದಿನೆಂಟು ತುಂಬಿರಬೇಕು, ಅಮೆಜಾನ್ ಪ್ರೈಮ್ ಚಂದಾ ಮುಗಿದಿರಬಾರದು, ಉಂಡ ಅನ್ನ ಅರಗಿರಬೇಕು. ಮೂರನೆಯ ಲಕ್ಷಣವನ್ನು ಅಲಕ್ಷಿಸಿ ಅಧ್ಯಯನಕ್ಕೆ ಕುಳಿತವರು ಮೊದಲ ಕಂತಿನಲ್ಲೇ ಬಚ್ಚಲಿಗೆ ಓಡಿದರೆ ನಿರ್ಣಯಕಾರ ಹೊಣೆಯಲ್ಲ.

ವಿಷಯ ಇಷ್ಟು. ವಾಟ್ ಎಂಬ ಕಂಪನಿಯೊಂದಿದೆ. ಅದರಲ್ಲಿ ಅತಿಮಾನುಷ ವೀರರು ಸಂಬಳಕ್ಕಿದ್ದಾರೆ. ಅವರು ಸಿನಿಮಾ ಮಾಡುತ್ತಾರೆ, ಪಾನೀಯ ಮಾರುತ್ತಾರೆ, ಬಿಡುವಾದಾಗ ಜನರನ್ನು ಕೊಲ್ಲುತ್ತಾರೆ. ಅವರಲ್ಲಿ ಅಗ್ರಗಣ್ಯ ಹೋಮ್‌ಲ್ಯಾಂಡರ್: ಹೆಗಲ ಮೇಲೆ ಚಿನ್ನದ ಹದ್ದು, ಬೆನ್ನ ಮೇಲೆ ಅಮೆರಿಕದ ಬಾವುಟ, ಕಣ್ಣಲ್ಲಿ ಲೇಸರ್, ಎದೆಯೊಳಗೆ ಹಾಲಿಗೆ ಹಂಬಲಿಸುವ ಕೂಸು. ಗಾರ್ತ್ ಎನಿಸ್ ಬರೆದು ಡ್ಯಾರಿಕ್ ರಾಬರ್ಟ್‌ಸನ್ ಚಿತ್ರ ಬಿಡಿಸಿದ ಕಾಮಿಕ್ಸ್ ಮಾಲಿಕೆ ಇದಕ್ಕೆ ಮೂಲ. 2006ರಲ್ಲಿ ಅದು ಶುರುವಾದದ್ದು ಸೂಪರ್‌ಮ್ಯಾನ್‌ನ ಮನೆಯಾದ ಡಿಸಿಯ ಒಂದು ಶಾಖೆಯಲ್ಲಿ. ಆರು ಸಂಚಿಕೆಗಳಾದ ಮೇಲೆ ಮನೆಯವರು ಕೈತೊಳೆದುಕೊಂಡರು, ಬೇರೆ ಪ್ರಕಾಶಕರು ಸಾಕಿ 2012ರಲ್ಲಿ ಮುಗಿಸಿದರು. ಎರಿಕ್ ಕ್ರಿಪ್ಕೆ ಅದನ್ನು 2019ರಲ್ಲಿ ತೆರೆಗೆ ತಂದರು. ಈಗ ಸಂಶಯ: ಇದರಲ್ಲಿ ರಾಜಕೀಯ ಸಂದೇಶ ಉಂಟೋ, ಇಲ್ಲವೋ?

ಇಲ್ಲ ಎಂಬುದು ಪೂರ್ವಪಕ್ಷ. ಈ ಪಕ್ಷದವರು ಒಂದೇ ಮನೆಯವರಲ್ಲ. ಸೂಪರ್‌ಹೀರೊಗಳಿಗೂ ರಾಜಕೀಯಕ್ಕೂ ಏನು ಸಂಬಂಧ, ಮಕ್ಕಳ ಕತೆಯನ್ನು ಹಾಳುಗೆಡವಬೇಡಿ ಎನ್ನುವವರು ಮೊದಲಿಗರು. ಇವರಿಗೆ ಉತ್ತರ ಹಳೆಯದು. 1938ರಲ್ಲಿ ಸೂಪರ್‌ಮ್ಯಾನ್ ಹುಟ್ಟಿದ ಸಂಚಿಕೆಯಲ್ಲೇ ಆತ ವಾಷಿಂಗ್ಟನ್ನಿಗೆ ಹೋಗಿ, ಸೆನೆಟರನನ್ನು ಕೊಂಡುಕೊಳ್ಳುವ ದಲ್ಲಾಳಿಯ ಕಾಲು ಹಿಡಿದು ಎತ್ತಿದ್ದಾನೆ. ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಮುಖಪುಟದಲ್ಲಿ ಹಿಟ್ಲರನ ದವಡೆಗೆ ಗುದ್ದಿದಾಗ 1940ರ ಡಿಸೆಂಬರ್; ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು. ಬರೆದ ಜೋ ಸೈಮನ್, ಜಾಕ್ ಕರ್ಬಿ ಇಬ್ಬರೂ ಯಹೂದಿಗಳು, ಬೆದರಿಕೆ ಪತ್ರಗಳನ್ನು ಪಡೆದವರು. ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡ ದಿನದಿಂದಲೂ ಈ ಕುಲ ರಾಜಕೀಯ ಮಾಡಿಕೊಂಡೇ ಬಂದಿದೆ.

ಎರಡನೆಯವರು ಸೂಕ್ಷ್ಮಮತಿಗಳು. ಮೊದಲ ಮೂರು ಸೀಸನ್ನುಗಳಲ್ಲಿ ರಾಜಕೀಯ ಇರಲಿಲ್ಲ, 2024ರ ನಾಲ್ಕನೆಯದರಲ್ಲಿ ಹಠಾತ್ತನೆ ಬಂದು ಸೇರಿತು ಎಂಬುದು ಇವರ ಮತ. ಆ ಜೂನಿನಲ್ಲಿ ಇವರು ವಿಮರ್ಶೆಗಳ ಜಾಲತಾಣವಾದ ರಾಟನ್ ಟೊಮೇಟೋಸ್‌ಗೆ ದಾಳಿಯಿಟ್ಟು ಧಾರಾವಾಹಿಯ ಅಂಕ ಇಳಿಸಿದರು. ಇವರ ದರ್ಶನವನ್ನು ವಿಳಂಬಜ್ಞಾನವಾದ ಎಂದು ಕರೆಯಬಹುದು. ಎರಡನೆಯ ಸೀಸನ್ನಿನ ಖಳನಾಯಕಿ ಸ್ಟಾರ್ಮ್‌ಫ್ರಂಟ್ 1919ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ನಾಜಿ, ಆಕೆಯ ಹೆಸರು ಬಿಳಿಯ ಜನಾಂಗವಾದಿಗಳ ಒಂದು ಕುಖ್ಯಾತ ಜಾಲತಾಣದ ಹೆಸರು. ಅಷ್ಟಾದರೂ ಇವರ ಸಮಾಧಿ ಸ್ಥಿತಿಗೆ ಭಂಗ ಬರಲಿಲ್ಲ. ಇಂಥ ಏಕಾಗ್ರತೆ ನಿರ್ಣಯಕಾರನಿಗೆ ಪೂಜ್ಯ.

ಕರ್ತೃವನ್ನೇ ಕೇಳಬಾರದೇ ಎಂದರೆ, ಕೇಳಿಯಾಗಿದೆ. ಹೋಮ್‌ಲ್ಯಾಂಡರ್ ಎಂದರೆ ತನ್ನ ಮಟ್ಟಿಗೆ ಟ್ರಂಪ್ ಎಂದು ಕ್ರಿಪ್ಕೆ 2022ರಲ್ಲಿ ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ್ದಾರೆ. ಆದರೆ 2020ರ ಚುನಾವಣೆಯ ಬೆನ್ನಿಗೆ ಟ್ರಂಪ್ ಪರ ಮೆರವಣಿಗೆಯಲ್ಲಿ ಹೋಮ್‌ಲ್ಯಾಂಡರ್ ವೇಷ ತೊಟ್ಟೇ ಒಬ್ಬರು ಕಾಣಿಸಿಕೊಂಡರು. ಕರ್ತೃ ಬೈದದ್ದನ್ನು ಭಕ್ತರು ಅಲಂಕಾರವಾಗಿ ತೊಟ್ಟಮೇಲೆ ಕರ್ತೃವಿನ ಮಾತು ಪ್ರಮಾಣವಾಗದು. ಆದ್ದರಿಂದ ಈ ಧಾರಾವಾಹಿಯನ್ನು ಅಪೌರುಷೇಯವೆಂದೇ ಬಗೆದು, ಗ್ರಂಥದ ಅಭಿಪ್ರಾಯವನ್ನು ಕಂಡುಹಿಡಿಯಲು ಮೀಮಾಂಸಕರು ಹೇಳಿದ ಷಡ್ವಿಧ ಲಿಂಗಗಳಿಗೆ ಮೊರೆಹೋಗುವುದು ಉಚಿತ.

ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರ, ಅಂದರೆ ಆರಂಭ ಮತ್ತು ಮುಕ್ತಾಯ. ಹ್ಯೂಯಿ ಎಂಬ ಸಾಧು ಹುಡುಗ ಬೀದಿಯಂಚಿನಲ್ಲಿ ನಲ್ಲೆಯ ಕೈಹಿಡಿದು ನಿಂತಿದ್ದಾನೆ. ಎ-ಟ್ರೇನ್ ಎಂಬ ಅತಿವೇಗದ ವೀರ ಅವಳ ಮೈಯೊಳಗಿಂದಲೇ ಹಾದುಹೋಗುತ್ತಾನೆ. ಹ್ಯೂಯಿಯ ಕೈಯಲ್ಲಿ ಅವಳ ಕೈಗಳಷ್ಟೇ ಉಳಿಯುತ್ತವೆ. ಇದು ರಾಜಕೀಯವಲ್ಲ, ಅಪಘಾತ. ಅನಂತರ ಕಂಪನಿಯ ಪ್ರತಿನಿಧಿ ಮನೆಗೆ ಬಂದು 45,000 ಡಾಲರ್ ಚೆಕ್ಕಿನ ಜತೆಗೆ, ಬಾಯಿ ಬಿಡುವುದಿಲ್ಲವೆಂಬ ಕರಾರು ಪತ್ರವನ್ನು ಮುಂದಿಡುತ್ತಾನೆ. ಇದೂ ರಾಜಕೀಯವಲ್ಲ, ಲೆಕ್ಕಪತ್ರ. ಪೂರ್ವಪಕ್ಷಿ ಇಲ್ಲಿ ಗೆದ್ದನೆಂದೇ ತಿಳಿಯೋಣ.

ಉಪಸಂಹಾರದಲ್ಲಿ ಸ್ವಲ್ಪ ತೊಡಕಿದೆ. ಮೂರನೆಯ ಸೀಸನ್ನಿನ ಕೊನೆಗೆ ಹೋಮ್‌ಲ್ಯಾಂಡರ್ ತನ್ನ ಮಗನನ್ನು ಅಭಿಮಾನಿಗಳ ಮುಂದೆ ನಿಲ್ಲಿಸುತ್ತಾನೆ. ವಿರೋಧಿಯೊಬ್ಬ ಏನನ್ನೋ ಎಸೆಯುತ್ತಾನೆ, ಅದು ಹುಡುಗನಿಗೆ ತಗಲುತ್ತದೆ. ಹೋಮ್‌ಲ್ಯಾಂಡರ್ ಆತನ ತಲೆಯನ್ನು ಲೇಸರಿನಿಂದ ಸಿಡಿಸುತ್ತಾನೆ. ಒಂದು ಗಳಿಗೆ ಎಲ್ಲರೂ ಸ್ತಬ್ಧ. ಆಮೇಲೆ ಒಬ್ಬ ಕೂಗಿ ಹುರಿದುಂಬಿಸುತ್ತಾನೆ, ಮತ್ತೆ ಇಡೀ ಗುಂಪು ಜಯಘೋಷ ಮಾಡುತ್ತದೆ. ಹುಡುಗನ ತುಟಿಯಲ್ಲಿ ನಗೆ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ನಡುವೆ ಯಾರನ್ನಾದರೂ ಗುಂಡಿಕ್ಕಿದರೂ ತನಗೆ ಮತ ತಪ್ಪದು ಎಂದು 2016ರ ಜನವರಿಯಲ್ಲಿ ಟ್ರಂಪ್ ಅಯೋವಾದ ಸಭೆಯಲ್ಲಿ ಹೇಳಿದ್ದು ಕೆಲವರಿಗೆ ನೆನಪಾಗುತ್ತದೆ. ಇದು ಸ್ಮೃತಿಯ ದೋಷ. ಆ ದೃಶ್ಯ ನಡೆಯುವುದು ಫಿಫ್ತ್ ಅವೆನ್ಯೂದಲ್ಲಲ್ಲ.

ನಾಲ್ಕನೆಯ ಸೀಸನ್ನಿನ ಉಪಸಂಹಾರಕ್ಕೆ ವಿಶೇಷ ಪಾಠಾಂತರವಿದೆ. 2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡಿನ ದಾಳಿಯಾಯಿತು. ಐದು ದಿನದ ಮೇಲೆ ಬಿಡುಗಡೆಯಾಗಬೇಕಿದ್ದ ಕೊನೆಯ ಕಂತಿನ ಹೆಸರು ‘ಅಸ್ಯಾಸಿನೇಷನ್ ರನ್’. ಪ್ರೈಮ್ ಆ ಹೆಸರನ್ನು ಕಿತ್ತು ‘ಸೀಸನ್ ಫೋರ್ ಫಿನಾಲೆ’ ಎಂದು ಇಟ್ಟಿತು. ಒಳಗಿನ ಕತೆ ಹಾಗೇ ಉಳಿಯಿತು: ಜನವರಿ 6ರ ಮತ ಪ್ರಮಾಣೀಕರಣ, ಬುಡಮೇಲಾದ ಸರ್ಕಾರ, ಮಿಲಿಟರಿ ಕಾನೂನು, ಬಾವುಟ ಹೊದ್ದವನ ಕೈಗೆ ಅಧಿಕಾರ. ತಲೆಬರಹದಲ್ಲಿ ಇಲ್ಲದ ರಾಜಕೀಯ ಒಡಲಲ್ಲಿ ಇದ್ದರೂ ಲೆಕ್ಕಕ್ಕಿಲ್ಲ ಎಂಬ ನ್ಯಾಯ ಇಲ್ಲಿಂದ ಸಿದ್ಧಿಸುತ್ತದೆ.

ಅಭ್ಯಾಸ, ಅಂದರೆ ಮತ್ತೆ ಮತ್ತೆ ಹೇಳುವುದು. ಇದರಲ್ಲಿ ಈ ಧಾರಾವಾಹಿ ಯಾವ ಉಪನಿಷತ್ತಿಗೂ ಸೋಲದು. ಅಪಹೃತ ವಿಮಾನವನ್ನು ಉಳಿಸಲು ಹೋದ ಹೋಮ್‌ಲ್ಯಾಂಡರ್ ತನ್ನದೇ ಲೇಸರಿನಿಂದ ಅದರ ಯಂತ್ರ ಸುಟ್ಟು, ಪ್ರಯಾಣಿಕರನ್ನೆಲ್ಲ ಸಾಯಲು ಬಿಟ್ಟು, ಅವಶೇಷದ ಮುಂದೆ ನಿಂತು, ಇನ್ನಾದರೂ ವೀರರನ್ನು ಸೇನೆಗೆ ಸೇರಿಸಿಕೊಳ್ಳಿ ಎಂದು ಭಾಷಣ ಮಾಡುತ್ತಾನೆ. ಕಂಪನಿಯ ವೀರರಲ್ಲೊಬ್ಬಳಾದ ರಾಣಿ ಮೇವ್‌ಳ ಖಾಸಗಿ ಪ್ರೇಮವನ್ನು ಬಲವಂತವಾಗಿ ಬಯಲು ಮಾಡಿದ ಮರುಕ್ಷಣ ಕಂಪನಿ ಅದನ್ನು ‘ಬ್ರೇವ್ ಮೇವ್’ ಎಂಬ ಕಾಮನಬಿಲ್ಲಿನ ಸರಕಾಗಿಸುತ್ತದೆ. ಪ್ರತಿಭಟನಕಾರರಿಗೂ ಪೊಲೀಸರಿಗೂ ನಡುವೆ ಎ-ಟ್ರೇನ್ ಪಾನೀಯದ ಡಬ್ಬಿ ಹಿಡಿದು ಶಾಂತಿ ಸ್ಥಾಪಿಸುತ್ತಾನೆ. 2017ರಲ್ಲಿ ಪೆಪ್ಸಿ ಕಂಪನಿ ಇದನ್ನೇ ಜಾಹೀರಾತಾಗಿ, ನಗೆಗೆ ಎಡೆಯಿಲ್ಲದಂತೆ ಮಾಡಿ, ಮರುದಿನವೇ ಹಿಂತೆಗೆದುಕೊಂಡಿತ್ತು.

ಇಲ್ಲಿ ಶಾಸ್ತ್ರದ ಆಚೆಗೆ ಒಂದು ಮಾತು. ನಾಲ್ಕನೆಯ ಸೀಸನ್ನು ಬರುವ ಹೊತ್ತಿಗೆ ಅಭ್ಯಾಸ ಅತಿಯಾಗಿ ಕಿರುಚಾಟವಾಗಿದೆ. ವ್ಯಂಗ್ಯಕ್ಕೆ ಗುರಿಯಾದ ಟೀವಿ ಕಾರ್ಯಕ್ರಮಕ್ಕೂ ವ್ಯಂಗ್ಯಕ್ಕೂ ದನಿಯಲ್ಲಿ ಭೇದ ಉಳಿದಿಲ್ಲ. ನಿಜಕ್ಕೂ ನಡುಕ ಹುಟ್ಟಿಸುವುದು ಎರಡನೆಯ ಸೀಸನ್ನಿನ ಏಳನೆಯ ಕಂತಿನ ಆರಂಭ. ತಾಯಿಯ ಜತೆಗಿರುವ ಒಬ್ಬ ತರುಣ, ದಿನವೂ ಸ್ಟಾರ್ಮ್‌ಫ್ರಂಟಳ ಮಾತು, ದಿನವೂ ಅದೇ ಬೀದಿ ಅಂಗಡಿ, ಗಲ್ಲಾದ ಹಿಂದೆ ಅದೇ ಕಂದು ಮೈಬಣ್ಣದ ಮನುಷ್ಯ. ದಿನ ಕಳೆದಂತೆ ತರುಣನ ನೋಟ ಮಾತ್ರ ಬದಲಾಗುತ್ತದೆ. ಒಂದು ದಿನ ಗುಂಡು ಹಾರುತ್ತದೆ. ಹಾರುವ ಮನುಷ್ಯರಾರೂ ಅಲ್ಲಿಲ್ಲ, ಯಾರೂ ಏನನ್ನೂ ವಿವರಿಸುವುದಿಲ್ಲ. ಇನ್ನು ಶಾಸ್ತ್ರಕ್ಕೆ ಮರಳೋಣ.

ಅಪೂರ್ವತೆಯೇ ಪ್ರಬಲ ಲಿಂಗ. ಬೇರೆ ಪ್ರಮಾಣಗಳಿಂದ ತಿಳಿಯುವುದನ್ನು ಗ್ರಂಥ ಮತ್ತೆ ಬೋಧಿಸದು ಎಂಬುದು ಮೀಮಾಂಸಕರ ನಿಯಮ. ಸುಳ್ಳನ್ನು ಕೂಗಿ ಗೆಲ್ಲುವ ನಾಯಕ, ಕೊಳ್ಳೆಹೊಡೆಯುವ ಕಂಪನಿ, ಸಾವಿಗೆ ಚಪ್ಪಾಳೆ ತಟ್ಟುವ ಗುಂಪು, ಇವೆಲ್ಲ ಸುದ್ದಿವಾಹಿನಿ ಹಾಕಿದರೆ ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧ. ಹಾಗಾಗಿ ಧಾರಾವಾಹಿಯ ತಾತ್ಪರ್ಯ ರಾಜಕೀಯದಲ್ಲಿ ಇರಲಾರದು. ಬೇರೆಲ್ಲೂ ದೊರೆಯದ್ದು ಇಲ್ಲಿ ಏನಿದೆ? ಮೀನಿನ ಕಿವಿರಿರುವ, ಜಲಚರಗಳ ಜತೆ ಮಾತಾಡುವ ‘ದಿ ಡೀಪ್’ ಇದ್ದಾನೆ. ಆತನ ಗೆಳೆಯ ತಿಮೋತಿ ಎಂಬ ಆಕ್ಟೋಪಸ್ ಇದೆ. ಆದ್ದರಿಂದ ಧಾರಾವಾಹಿಯ ಪರಮ ತಾತ್ಪರ್ಯ ಜಲಚರ ಸಂರಕ್ಷಣೆ ಎಂದು ಹೇಳಬೇಕಾಗುತ್ತದೆ.

ಆಕ್ಷೇಪ: ಆ ತಿಮೋತಿಯನ್ನು ಊಟದ ಮೇಜಿನಲ್ಲಿ ಜೀವಂತ ತಿನ್ನುವಂತೆ ಹೋಮ್‌ಲ್ಯಾಂಡರ್ ಅಪ್ಪಣೆ ಮಾಡುತ್ತಾನೆ. ಡೀಪ್ ಅಂಗಲಾಚುತ್ತಾನೆ, ಹೆಂಡತಿ ಪಕ್ಕದಲ್ಲಿ ಕುಳಿತು ತಿನ್ನು ಎಂದು ಒತ್ತಾಯಿಸುತ್ತಾಳೆ, ಕೊನೆಗೆ ಅಳುತ್ತ ತಿನ್ನುತ್ತಾನೆ. ಹೋಮ್‌ಲ್ಯಾಂಡರಿಗೆ ಆಕ್ಟೋಪಸ್ಸಿನಿಂದ ಆಗಬೇಕಾದ್ದೇನೂ ಇಲ್ಲ. ಅವನಿಗೆ ಬೇಕಾದದ್ದು, ತನಗೆ ಅತಿ ಪ್ರಿಯವಾದದ್ದನ್ನು ತಾನೇ ಅಗಿದು ನುಂಗಿ, ಮಾರನೆಯ ದಿನವೂ ಸಭೆಗೆ ಬಂದು ಕೂರುವ ಅನುಯಾಯಿ. ಹಾಗಿದ್ದಮೇಲೆ ಇದು ಸಂಪುಟ ಸಭೆಯ ವರ್ಣನೆಯಲ್ಲವೇ? ಈ ಆಕ್ಷೇಪಕ್ಕೆ ನಿರ್ಣಯಕಾರನ ಬಳಿ ಸಮಾಧಾನವಿಲ್ಲದಿರುವುದರಿಂದ ಮುಂದಿನ ಲಿಂಗಕ್ಕೆ ಹೋಗುತ್ತೇವೆ.

ಸಿಡಿದ ತಲೆಗಳೆಲ್ಲ ಅರ್ಥವಾದ, ಅಂದರೆ ಬರಿಯ ಸ್ತುತಿನಿಂದೆ, ಅಕ್ಷರಶಃ ಹಿಡಿಯತಕ್ಕದ್ದಲ್ಲ. ಉಪಪತ್ತಿ, ಅಂದರೆ ಯುಕ್ತಿಯ ಸಮರ್ಥನೆ, ಅದೂ ಸುಲಭ: ವೀರರು ದೇವರ ವರದಿಂದ ಹುಟ್ಟಿದವರು ಎಂದು ಕಂಪನಿ ಸಾರುತ್ತದೆ, ನಿಜದಲ್ಲಿ ಹಸುಗೂಸುಗಳಿಗೆ ಔಷಧಿ ಚುಚ್ಚಿರುತ್ತದೆ, ಅದನ್ನು ಕಂಡುಹಿಡಿದವನು ಅಮೆರಿಕಕ್ಕೆ ಓಡಿಬಂದ ನಾಜಿ ವಿಜ್ಞಾನಿ. ಆಪರೇಷನ್ ಪೇಪರ್‌ಕ್ಲಿಪ್ ಹೆಸರಿನಲ್ಲಿ ಸಾವಿರಕ್ಕೂ ಮಿಕ್ಕಿ ಜರ್ಮನ್ ವಿಜ್ಞಾನಿಗಳನ್ನು ಬರಮಾಡಿಕೊಂಡ ದೇಶಕ್ಕೆ ಇದರಲ್ಲಿ ಅಸಂಗತವೇನೂ ಕಾಣಲಾರದು.

ಕ್ರಮದಲ್ಲಿ ಮೊದಲೇ ಬರಬೇಕಾದ ಫಲವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಯಾರಿಗೆ ಲಾಭ ಎಂದು ತಿಳಿದರೆ ತಾತ್ಪರ್ಯ ತಾನಾಗಿ ತಿಳಿಯುತ್ತದೆ. ವಾಟ್ ಕಂಪನಿ ತನ್ನ ಮೇಲಿನ ಸಿಟ್ಟನ್ನೂ ಸರಕು ಮಾಡಿ ಮಾರುತ್ತದೆ ಎಂದು ತೋರಿಸುವ ಧಾರಾವಾಹಿಯನ್ನು ಮಾರುವುದು ಅಮೆಜಾನ್. ಹೋಮ್‌ಲ್ಯಾಂಡರನಲ್ಲಿ ಟ್ರಂಪರನ್ನು ಅಣಕಿಸಲು ಹಣ ಹೂಡಿದ ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ಟ್ರಂಪರ ಪದಗ್ರಹಣ ನಿಧಿಗೆ ಹತ್ತು ಲಕ್ಷ ಡಾಲರ್ ಘೋಷಿಸಿತು. 2025ರ ಜನವರಿ 20ರಂದು ಸಮಾರಂಭದಲ್ಲಿ ಕಂಪನಿಯ ಸ್ಥಾಪಕ ಬೆಜೋಸ್ ಖುದ್ದಾಗಿ ಆಸೀನರಾಗಿದ್ದರು. ಮೆಲಾನಿಯಾ ಟ್ರಂಪರ ಕುರಿತ ಸಾಕ್ಷ್ಯಚಿತ್ರದ ಹಕ್ಕಿಗೂ ಕಂಪನಿ ನಾಲ್ಕು ಕೋಟಿ ಡಾಲರ್ ಕೊಟ್ಟಿತೆಂದು ವರದಿಯಾಯಿತು. ಹೀಗೆ ಎರಡೂ ಪಕ್ಷಗಳನ್ನು ಒಂದೇ ಚಂದಾದಲ್ಲಿ ಸಮನ್ವಯಗೊಳಿಸಿದ ಭಾಷ್ಯಕಾರರು ಹಿಂದೆ ಆಗಿಹೋದದ್ದು ನಿರ್ಣಯಕಾರನಿಗೆ ತಿಳಿಯದು.

ಒಂದು ವಿಧಿಲೋಪ ಮಾತ್ರ ಇದೆ. ಯಾಗದಲ್ಲಿ ದಕ್ಷಿಣೆ ಕೊಟ್ಟ ಯಜಮಾನನಿಗೇ ಫಲ ಸಲ್ಲಬೇಕು. ಇಲ್ಲಿ ದಕ್ಷಿಣೆ ನಮ್ಮದು, ಫಲ ಬೆಜೋಸರದು. ಇದಕ್ಕೆ ಮೀಮಾಂಸಾಸೂತ್ರಕಾರ ಜೈಮಿನಿ ಪ್ರಾಯಶ್ಚಿತ್ತ ಹೇಳಿಲ್ಲವಾದರೂ ಪ್ರೈಮ್ ಹೇಳಿದೆ: 2025ರ ಜೂನಿನಿಂದ ಭಾರತದ ಚಂದಾದಾರರು ತಿಂಗಳಿಗೆ 129 ರೂಪಾಯಿ ಹೆಚ್ಚಿಗೆ ಕೊಟ್ಟರೆ, ಕಾರ್ಪೊರೇಟ್ ದುರಾಸೆಯ ಮೇಲಿನ ಈ ಉಗ್ರ ಖಂಡನೆಯನ್ನು ನಡುವೆ ಜಾಹೀರಾತಿನ ಕಾಟವಿಲ್ಲದೆ ನೋಡಬಹುದು.